ಕೆರೆ ತುಂಬಿದರೆ ಸಾಲದು, ಅಂಚೂ ಉಳಿಯಬೇಕು

(ವಿಶ್ವ ಜೌಗು ಪ್ರದೇಶಗಳ ದಿನದ ಸಂದರ್ಭದಲ್ಲಿ ಹಾಸನದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಕೇಳುಗರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. 1971ರ ಫೆಬ್ರವರಿ 2ರಂದು ಇರಾನಿನ ರಾಮ್‌ಸರ್ ಎಂಬ ಊರಿನಲ್ಲಿ ಜೌಗು ಪ್ರದೇಶಗಳನ್ನು ಕಾಪಾಡುವ ಒಪ್ಪಂದವಾಯಿತು. ಭಾರತ ಅದಕ್ಕೆ ಸೇರಿದ್ದು 1982ರಲ್ಲಿ. ಈ ದಿನದ ಹಿನ್ನೆಲೆ ಇಷ್ಟೇ. ನನಗೆ ಅದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ನಾವು ಇಲ್ಲಿ ಕೂತು ಮಾತಾಡುತ್ತಿರುವ ಹೊತ್ತಿಗೆ, ಇಲ್ಲಿಂದ ಅರ್ಧ ಗಂಟೆ ದೂರದ ಕೆರೆಗಳಲ್ಲಿ ಸೈಬೀರಿಯದಿಂದ ಬಂದ ಹಕ್ಕಿಗಳು ಕೆಸರಿನಲ್ಲಿ ಮೇಯುತ್ತಿವೆ. ಇನ್ನು ಎರಡು ತಿಂಗಳಲ್ಲಿ ಅವು ಹೊರಡಬೇಕು. ಅಷ್ಟರೊಳಗೆ ಮೈಗೆ ಕೊಬ್ಬು ಕಟ್ಟಿಕೊಳ್ಳಬೇಕು. ಅದಕ್ಕೆ ಅವುಗಳಿಗೆ ಬೇಕಾಗಿರುವುದು ತುಂಬಿದ ಕೆರೆಯಲ್ಲ, ಕೆರೆಯ ಅಂಚು. ಇವತ್ತು ನಾನು ಹೇಳಬೇಕೆಂದುಕೊಂಡಿರುವುದು ಈ ಒಂದೇ ಮಾತು. ಉಳಿದದ್ದೆಲ್ಲ ಅದರ ವಿವರ.

ವಲಸೆ ಹಕ್ಕಿ ಎಂದ ಕೂಡಲೇ ನಮಗೆ ನೆನಪಾಗುವುದು ಬಾತುಗಳು, ಹೆಬ್ಬಾತುಗಳು. ದೊಡ್ಡ ಹಕ್ಕಿ, ದೊಡ್ಡ ಗುಂಪು, ನೀರಿನ ನಡುವೆ ಎದ್ದು ಕಾಣುತ್ತವೆ. ಪೇಪರಿನಲ್ಲಿ ಫೋಟೊ ಬರುವುದೂ ಅವುಗಳದ್ದೇ. ನಾನು ಹೇಳುತ್ತಿರುವುದು ದಡದ ಹಕ್ಕಿಗಳ ಬಗ್ಗೆ. ಗದ್ದೆಗೊರವ (ಸ್ಯಾಂಡ್‌ಪೈಪರ್), ಉಲ್ಲಂಕಿ, ಸ್ಟಿಂಟ್, ಪ್ಲೋವರ್ ಅಂತೀವಲ್ಲ, ಅವು. ಕೆಸರಿನ ಬಣ್ಣದವು. ಕೆಸರಿನಲ್ಲೇ ಓಡಾಡುತ್ತವೆ. ಏರಿಯ ಮೇಲೆ ಬೈಕ್ ನಿಲ್ಲಿಸಿ ನೋಡಿದರೆ ಏನೂ ಇಲ್ಲ ಅನ್ನಿಸುತ್ತದೆ. ಯಾರಾದರೂ ಅಂಗಳಕ್ಕೆ ಇಳಿದರೆ ಇದ್ದಕ್ಕಿದ್ದಂತೆ ನಲವತ್ತು ಐವತ್ತು ಹಕ್ಕಿ ಒಟ್ಟಿಗೆ ಮೇಲೇಳುತ್ತವೆ. ಆಗಲೇ ಗೊತ್ತಾಗುವುದು, ಇಷ್ಟು ಹೊತ್ತು ಅವೆಲ್ಲ ಇಲ್ಲೇ ಇದ್ದವು ಅಂತ.

ಇವುಗಳಲ್ಲಿ ಎಲ್ಲವೂ ವಲಸೆ ಬರುವವಲ್ಲ. ಮೆಟ್ಟುಗಾಲು ಹಕ್ಕಿ, ಟಿಟ್ಟಿಭ, ದೇವನಕ್ಕಿ, ಬಣ್ಣದ ಉಲ್ಲಂಕಿ, ಇವೆಲ್ಲ ನಮ್ಮಲ್ಲೇ ಮೊಟ್ಟೆಯಿಡುವವು. ಹೊರಗಿನಿಂದ ಬರುವುದರಲ್ಲಿ ನಮ್ಮ ಕಡೆ ಸಾಮಾನ್ಯವಾಗಿ ಸಿಗುವವು ವುಡ್ ಸ್ಯಾಂಡ್‌ಪೈಪರ್, ಗ್ರೀನ್ ಸ್ಯಾಂಡ್‌ಪೈಪರ್, ಕಾಮನ್ ಸ್ಯಾಂಡ್‌ಪೈಪರ್, ಸಾಮಾನ್ಯ ಉಲ್ಲಂಕಿ ಮತ್ತು ಲಿಟಲ್ ಸ್ಟಿಂಟ್. ಲಿಟಲ್ ಸ್ಟಿಂಟ್ ತೂಕ 30 ಗ್ರಾಂ ಒಳಗೇ. ಅದು ಮರಿ ಮಾಡುವುದು ಉತ್ತರ ಧ್ರುವದ ಹತ್ತಿರದ ಟಂಡ್ರಾ ಬಯಲಿನಲ್ಲಿ. ಹಾಸನ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಟಂಡ್ರಾ ಇರುವುದು 70 ಡಿಗ್ರಿಯ ಆಸುಪಾಸಿನಲ್ಲಿ. ನೇರ ಗೆರೆ ಎಳೆದರೂ 6,000 ಕಿಲೋಮೀಟರಿಗೆ ಮೇಲಾಗುತ್ತದೆ. ವುಡ್ ಸ್ಯಾಂಡ್‌ಪೈಪರ್ ಸ್ವಲ್ಪ ದಕ್ಷಿಣಕ್ಕೆ, ನಾರ್ವೆ ಸ್ವೀಡನ್‌ನಿಂದ ಹಿಡಿದು ಕಮ್ಚಾಟ್ಕಾ ತನಕ ಹಬ್ಬಿರುವ ಕಾಡಿನ ಜೌಗಿನಲ್ಲಿ ಮರಿ ಮಾಡುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್ ಅದೇ ಕಾಡಿನಲ್ಲಿ ಮರದ ಮೇಲೆ, ಬೇರೆ ಹಕ್ಕಿ ಬಿಟ್ಟುಹೋದ ಹಳೇ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಇಲ್ಲಿ ಕೆಸರಿನಲ್ಲಿ ಕಾಣುವ ಹಕ್ಕಿ ಅಲ್ಲಿ ಪೈನ್ ಮರದ ಮೇಲೆ ಕೂರುತ್ತದೆ ಅಂದರೆ ನಂಬುವುದು ಕಷ್ಟ, ಅಲ್ವಾ? ಕಾಮನ್ ಸ್ಯಾಂಡ್‌ಪೈಪರ್‌ನ ಕೆಲವು ಕಾಶ್ಮೀರ, ಲಡಾಖ್ ಕಡೆಯ ಹೊಳೆಗಳಲ್ಲೂ ಮರಿ ಮಾಡುತ್ತವೆ.

ಅವು ಅಷ್ಟು ದೂರ ಯಾಕೆ ಹೋಗಬೇಕು, ಇಲ್ಲೇ ಇರಬಹುದಲ್ಲ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಜೂನ್ ತಿಂಗಳಲ್ಲಿ ಟಂಡ್ರಾದಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಹಿಮ ಕರಗಿ ಎಲ್ಲೆಲ್ಲೂ ನೀರು, ನೀರಿನ ತುಂಬ ಸೊಳ್ಳೆ, ಹುಳ. ಈ ಹಕ್ಕಿಗಳ ಮರಿಗಳು ಮೊಟ್ಟೆಯಿಂದ ಬಂದು ಮೈ ಒಣಗಿದ ಕೂಡಲೇ ಎದ್ದು ಓಡಾಡಿ ತಾವೇ ತಿನ್ನುತ್ತವೆ. ಅಮ್ಮ ಗುಟುಕು ಕೊಡುವುದಿಲ್ಲ. ಇಪ್ಪತ್ನಾಲ್ಕು ಗಂಟೆ ಬೆಳಕು, ಬಾಯಿಟ್ಟಲ್ಲೆಲ್ಲ ಹುಳ ಇದ್ದರೆ ಮರಿ ಬೇಗ ಬೆಳೆಯುತ್ತದೆ. ಆದರೆ ಅದು ಕೆಲವೇ ವಾರದ ಸುಗ್ಗಿ. ಆಮೇಲೆ ನೆಲ ಮತ್ತೆ ಹೆಪ್ಪುಗಟ್ಟುತ್ತದೆ.

ನನ್ನನ್ನು ಯಾವತ್ತೂ ಬೆರಗಾಗಿಸುವ ಸಂಗತಿ ಇದರ ಮುಂದಿನದು. ಈ ಜಾತಿಗಳಲ್ಲಿ ಹಲವುದರಲ್ಲಿ ಮರಿ ಇನ್ನೂ ಹಾರಲು ಕಲಿಯುವ ಮೊದಲೇ ತಾಯಿ ದಕ್ಷಿಣಕ್ಕೆ ಹೊರಟುಬಿಡುತ್ತದೆ. ಸ್ವಲ್ಪ ದಿನಕ್ಕೆ ತಂದೆಯೂ ಹೊರಡುತ್ತದೆ. ಮರಿಗಳು ಹೊರಡುವುದು ಅದಕ್ಕೂ ಕೆಲವು ವಾರ ತಡವಾಗಿ. ದಾರಿ ತೋರಿಸಲು ಯಾರೂ ಇರುವುದಿಲ್ಲ. ಯಾವ ದಿಕ್ಕಿಗೆ, ಎಷ್ಟು ದಿನ ಹಾರಬೇಕು ಅನ್ನುವುದು ಹುಟ್ಟಿನಿಂದಲೇ ಬಂದಿರುತ್ತದೆ. ಸೂರ್ಯ, ನಕ್ಷತ್ರ, ಭೂಮಿಯ ಕಾಂತಶಕ್ತಿ, ಇವೆಲ್ಲದರ ಸಹಾಯ ಪಡೆದು, ಹೆಚ್ಚಾಗಿ ರಾತ್ರಿ ಹೊತ್ತು ಹಾರಿ, ಹಿಂದೆಂದೂ ನೋಡದ ದೇಶ ದಾಟಿ ಬರುತ್ತವೆ. ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ನಮ್ಮಲ್ಲಿ ಮೊದಲು ಕಾಣಿಸುವವು ಬೆಳೆದ ಹಕ್ಕಿಗಳು. ಆಮೇಲೆ ಬರುವುದರಲ್ಲಿ ಮರಿಗಳು ಜಾಸ್ತಿ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ನಮ್ಮ ಕೆರೆಗೆ ಬಂದಿಳಿಯುವ ಸ್ಟಿಂಟ್ ಹುಟ್ಟಿ ಮೂರು ನಾಲ್ಕು ತಿಂಗಳಷ್ಟೇ ಆಗಿರಬಹುದು.

ದೂರದ ವಿಷಯ ಬಂದಾಗ ಬಾರ್ ಟೇಲ್ಡ್ ಗಾಡ್‌ವಿಟ್ ಎಂಬ ಹಕ್ಕಿಯ ಮಾತು ಬಿಡಲಾಗದು. ಅದು ನಮ್ಮ ಕೆರೆಯ ಹಕ್ಕಿಯಲ್ಲ. ಅದರ ದೊಡ್ಡ ಪ್ರಯಾಣ ನಡೆಯುವುದು ಪೆಸಿಫಿಕ್ ಸಾಗರದ ಮೇಲೆ. 2007ರಲ್ಲಿ ಉಪಗ್ರಹ ಟ್ಯಾಗ್ ಹಾಕಿದ್ದ ಒಂದು ಹೆಣ್ಣು ಹಕ್ಕಿ ಅಲಾಸ್ಕಾದಿಂದ ನ್ಯೂಜಿಲೆಂಡಿಗೆ 11,000 ಕಿಲೋಮೀಟರಿಗೂ ಹೆಚ್ಚು ದೂರ ಎಲ್ಲೂ ಇಳಿಯದೆ ಹಾರಿತು. 2022ರ ಅಕ್ಟೋಬರ್‌ನಲ್ಲಿ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರ್ ದೂರವನ್ನು 11 ದಿನದಲ್ಲಿ ಮುಗಿಸಿತು. ಊಟವಿಲ್ಲ, ನೀರಿಲ್ಲ. ಇದು ನೀರಿನ ಮೇಲೆ ಈಜುವ ಹಕ್ಕಿಯಲ್ಲ, ಸುಸ್ತಾಯಿತು ಅಂತ ಸಮುದ್ರದ ಮೇಲೆ ಇಳಿಯುವ ಹಾಗಿಲ್ಲ. ಹೊರಡುವ ಮೊದಲು ಮೈತೂಕ ಹೆಚ್ಚುಕಡಿಮೆ ಎರಡು ಪಟ್ಟಾಗುವಷ್ಟು ಕೊಬ್ಬು ತುಂಬಿಕೊಳ್ಳುತ್ತದೆ. ಹಾರುವಾಗ ಕೆಲಸವಿಲ್ಲದ ಕರುಳು, ಜಠರ ಚಿಕ್ಕದಾಗುತ್ತವೆ. ಹೋಗಿ ಇಳಿದ ಮೇಲೆ ಮತ್ತೆ ಬೆಳೆಯುತ್ತವೆ. ನಮ್ಮ ಸ್ಟಿಂಟ್, ಸ್ಯಾಂಡ್‌ಪೈಪರ್‌ಗಳು ಇಷ್ಟು ದೂರ ಒಂದೇ ಉಸಿರಿಗೆ ಹಾರುವುದಿಲ್ಲ, ನಡುನಡುವೆ ಇಳಿದು ಮೇಯುತ್ತವೆ. ಆದರೆ ಲೆಕ್ಕ ಒಂದೇ. ಮೇವು ಸಿಕ್ಕಷ್ಟು ಕೊಬ್ಬು, ಕೊಬ್ಬು ಇದ್ದಷ್ಟು ದೂರ.

ಹಾಗಾದರೆ ಮೇವು ಎಲ್ಲಿದೆ? ಕೆಸರಿನಲ್ಲಿ. ಇದನ್ನು ಒಮ್ಮೆ ನೀವೇ ನೋಡಬೇಕು. ನೀರು ಇಳಿಯುತ್ತಿರುವ ಕೆರೆಯ ಅಂಗಳಕ್ಕೆ ಹೋಗಿ. ನೀರು ಮುಗಿದು ಕೆಸರು ಶುರುವಾಗುವ ಕಡೆ ಒಂದು ಬೊಗಸೆ ಕೆಸರು ತೆಗೆದು ಬಿಳಿ ತಟ್ಟೆಗೆ ಹಾಕಿ, ನಿಧಾನವಾಗಿ ನೀರು ಹೊಯ್ಯಿರಿ. ಕೆಸರು ತೆಳುವಾದಂತೆ ಮೊದಲು ಕಾಣುವುದು ಕೆಂಪು ದಾರದ ತುಂಡಿನಂಥ ಹುಳಗಳು. ಬಳುಕುತ್ತಿರುತ್ತವೆ. ಅವು ಕಚ್ಚದ ಜಾತಿಯ ಒಂದು ಸೊಳ್ಳೆಯ ಮರಿಹುಳ. ಗಾಳಿಯಿಲ್ಲದ ಕೆಸರಿನಲ್ಲಿ ಬದುಕಬೇಕಲ್ಲ, ಅದಕ್ಕೆ ಮೈಯಲ್ಲಿ ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಇದೆ, ಬಣ್ಣ ಬಂದಿರುವುದು ಅದರಿಂದ. ಜೊತೆಗೆ ಕಾಳಿನಷ್ಟು ದೊಡ್ಡ ಬಸವನಹುಳ, ನೀರುಜೀರುಂಡೆಯ ಮರಿ, ತೆಳ್ಳಗಿನ ಎರೆಹುಳ. ಒಂದು ಬೊಗಸೆಯಲ್ಲಿ ಇಷ್ಟು. ಬೈನಾಕ್ಯುಲರ್‌ನಲ್ಲಿ ಹಕ್ಕಿ ತೋರಿಸುವ ಮೊದಲು ನಾನು ಮಕ್ಕಳಿಗೆ ಈ ತಟ್ಟೆ ತೋರಿಸುತ್ತೇನೆ. ಆಮೇಲೆ ಹಕ್ಕಿ ಏನು ಮಾಡುತ್ತಿದೆ ಎಂದು ವಿವರಿಸುವ ಕೆಲಸವೇ ಇರುವುದಿಲ್ಲ.

ಈಗ ಹಕ್ಕಿಯ ಕೊಕ್ಕು ನೋಡಿ. ಪ್ಲೋವರ್‌ಗೆ ಗಿಡ್ಡ ಕೊಕ್ಕು, ದೊಡ್ಡ ಕಣ್ಣು. ಅದು ಕಣ್ಣಿನಿಂದ ಬೇಟೆಯಾಡುತ್ತದೆ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಂತು, ನೋಡಿ, ಕುಕ್ಕುತ್ತದೆ. ಸ್ಟಿಂಟ್ ಹಾಗಲ್ಲ. ತಲೆ ಬಗ್ಗಿಸಿದರೆ ಎತ್ತುವುದೇ ಇಲ್ಲ. ಚಕಚಕ ಕುಕ್ಕುತ್ತಾ ಸಾಗುತ್ತದೆ. ಉಲ್ಲಂಕಿಯದು ಇನ್ನೂ ಬೇರೆ. ಉದ್ದ ಕೊಕ್ಕನ್ನು ಬುಡದ ತನಕ ಕೆಸರಿಗೆ ಇಳಿಸುತ್ತದೆ. ಒಳಗೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಕೊಕ್ಕಿನ ತುದಿಯ ಮೂಳೆಯಲ್ಲಿ ಸಣ್ಣ ಸಣ್ಣ ಗುಳಿಗಳಿವೆ, ಅವುಗಳಲ್ಲಿ ಒತ್ತಡವನ್ನು ಗುರುತಿಸುವ ನರತುದಿಗಳಿವೆ. ಹುಳ ಸಿಕ್ಕಿದರೆ ಕೊಕ್ಕನ್ನು ಪೂರ್ತಿ ತೆರೆಯುವ ಹಾಗಿಲ್ಲ, ಸುತ್ತ ಕೆಸರು ಒತ್ತಿಕೊಂಡಿರುತ್ತದೆ. ಅದಕ್ಕೆ ಉಲ್ಲಂಕಿ ಕೊಕ್ಕಿನ ತುದಿಯನ್ನು ಮಾತ್ರ ಇಕ್ಕಳದ ಹಾಗೆ ಬಿಡಿಸಿ ಹುಳವನ್ನು ಹಿಡಿಯುತ್ತದೆ. ನಾಟ್ ಎಂಬ ಕಡಲ ದಡದ ಹಕ್ಕಿಯ ಮೇಲೆ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಮಾಡಿದ ಪ್ರಯೋಗವೊಂದು 1998ರಲ್ಲಿ ಪ್ರಕಟವಾಯಿತು. ಒದ್ದೆ ಮರಳಿನಲ್ಲಿ ಹೂತಿಟ್ಟ ಚಿಪ್ಪನ್ನು ಅದು ಮುಟ್ಟದೆಯೇ ಪತ್ತೆ ಮಾಡುತ್ತಿತ್ತು. ಚಿಪ್ಪಿನ ಬದಲು ಕಲ್ಲು ಹೂತರೂ ಗೊತ್ತಾಗುತ್ತಿತ್ತು. ಕೊಕ್ಕು ಚುಚ್ಚಿದಾಗ ಮರಳಿನ ನಡುವಿನ ನೀರಿನಲ್ಲಿ ಏಳುವ ಒತ್ತಡ, ಗಟ್ಟಿ ವಸ್ತು ಇದ್ದ ಕಡೆ ಬೇರೆ ಥರ ಇರುತ್ತದೆ. ಅದನ್ನೇ ಹಕ್ಕಿ ಓದುತ್ತದೆ ಎಂಬುದು ಅವರ ವಿವರಣೆ. ನೀರು ಕುಡಿದು ಮೆತ್ತಗಿರುವ ನೆಲ ಇದ್ದರಷ್ಟೇ ಇದೆಲ್ಲ ನಡೆಯುತ್ತದೆ. ಒಣಗಿ ಬಿರುಕು ಬಿಟ್ಟ ಮಣ್ಣಿನಲ್ಲಿ ಆಗದು. ಎದೆಮಟ್ಟ ನೀರಿನಲ್ಲಂತೂ ಕಾಲೇ ನಿಲ್ಲದು.

ಕರಾವಳಿಯ ಅಳಿವೆಗಳಲ್ಲಿ ಈ ಕೆಸರು ದಿನಕ್ಕೆ ಎರಡು ಸಲ ತೆರೆದುಕೊಳ್ಳುತ್ತದೆ. ಉಬ್ಬರ ಇಳಿದರೆ ಮೇವು, ಏರಿದರೆ ವಿಶ್ರಾಂತಿ. ಅಲ್ಲಿ ಹಕ್ಕಿಯ ದಿನಚರಿ ಹಗಲು ರಾತ್ರಿಯ ಮೇಲೆ ನಿಂತಿಲ್ಲ, ನಡುರಾತ್ರಿ ಇಳಿತ ಬಂದರೆ ನಡುರಾತ್ರಿಯೇ ಊಟ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆ ನೋಡಿದವರಿಗೆ ಇದು ಗೊತ್ತು. ನೀರು ಇಳಿದ ಹೊತ್ತಿನಲ್ಲಿ ಒಂದು ಕಡೆ ಹೆಂಗಸರು ಬಳಚು ಎಂಬ ಚಿಪ್ಪುಜೀವಿ ಆರಿಸುತ್ತಿರುತ್ತಾರೆ, ಇನ್ನೊಂದು ಕಡೆ ಹಕ್ಕಿಗಳು ಮೇಯುತ್ತಿರುತ್ತವೆ. ಪಕ್ಕದಲ್ಲೇ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು. ಆ ನದಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಘಟ್ಟದಿಂದ ಇಳಿದ ಮಣ್ಣು ಅಳಿವೆ ತನಕ ಬರುತ್ತದೆ. 2024ರ ಜನವರಿಯಲ್ಲಿ ಸುಮಾರು 4,801 ಹೆಕ್ಟೇರಿನ ಆ ಅಳಿವೆ ರಾಮ್‌ಸರ್ ಒಪ್ಪಂದದ ಪಟ್ಟಿಗೆ ಸೇರಿತು.

ಹಾಸನಕ್ಕೂ ಚಿಕ್ಕಮಗಳೂರಿಗೂ ಅಳಿವೆಗೂ ಏನು ಸಂಬಂಧ ಅಂತೀರಾ? ನೇತ್ರಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಬೆಟ್ಟಸಾಲಿನಲ್ಲಿ. ಸಕಲೇಶಪುರದ ಕೆಂಪುಹೊಳೆ ಗುಂಡ್ಯ ಹೊಳೆಯಾಗಿ, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತದೆ. ಮಂಗಳೂರಿನ ಅಳಿವೆಯ ಕೆಸರಿನಲ್ಲಿ ನಮ್ಮ ಘಟ್ಟದ ಮಣ್ಣಿದೆ. ಇಲ್ಲಿ ಹೊಳೆ ತಿರುಗಿಸಿದರೆ, ಮರಳು ತೆಗೆದರೆ ಅದರ ಫಲ ಅಲ್ಲಿನ ಹಕ್ಕಿ, ಮೀನು, ಬಳಚು ಎಲ್ಲದಕ್ಕೂ ತಟ್ಟುತ್ತದೆ. ಆ ವಿಷಯ ತುಂಬ ದೊಡ್ಡದು, ಇವತ್ತು ಅದರೊಳಗೆ ಹೋಗುವುದಿಲ್ಲ. ನಮ್ಮ ಕೆರೆಗಳಿಗೆ ಬರೋಣ.

ಅಳಿವೆಯಲ್ಲಿ ದಿನಕ್ಕೆ ಎರಡು ಸಲ ಆಗುವುದು ನಮ್ಮ ಕೆರೆಯಲ್ಲಿ ವರ್ಷಕ್ಕೊಂದು ಸಲ ಆಗುತ್ತದೆ, ನಿಧಾನವಾಗಿ. ಮಳೆಗಾಲಕ್ಕೆ ತುಂಬಿದ ಕೆರೆ ತೂಬಿನಿಂದ ನೀರು ಬಿಟ್ಟಂತೆ, ಬಿಸಿಲು ಹೆಚ್ಚಿದಂತೆ ಇಳಿಯುತ್ತಾ ಹೋಗುತ್ತದೆ. ಪ್ರತಿ ವಾರ ಹೊಸ ಕೆಸರು ತೆರೆಯುತ್ತದೆ. ಹಕ್ಕಿ ಬರುವುದೂ ಕೆರೆ ಇಳಿಯುವುದೂ ಒಂದೇ ಕಾಲಕ್ಕೆ. ಹಳೇಬೀಡಿನ ದೋರಸಮುದ್ರ, ಬೇಲೂರಿನ ವಿಷ್ಣುಸಮುದ್ರ, ಸಖರಾಯಪಟ್ಟಣದ ಅಯ್ಯನಕೆರೆ, ಕಡೂರಿನ ಮದಗದ ಕೆರೆ, ಎಲ್ಲ ಕಟ್ಟಿರುವುದು ನೀರಾವರಿಗೆ, ಕುಡಿಯುವ ನೀರಿಗೆ. ಹಕ್ಕಿಗೆ ಅಂತ ಯಾರೂ ಕಟ್ಟಲಿಲ್ಲ. ಆದರೂ ಹಳೇ ಕೆರೆ ಕಟ್ಟುವ ರೀತಿಯೇ ಹಕ್ಕಿಗೆ ಹೇಳಿ ಮಾಡಿಸಿದಂತಿದೆ. ಹಳ್ಳಕ್ಕೆ ಅಡ್ಡವಾಗಿ ಒಂದೇ ಕಡೆ ಏರಿ. ಏರಿಯ ಬುಡದಲ್ಲಿ, ತೂಬಿನ ಹತ್ತಿರ ಆಳ. ಎದುರು ಕಡೆ ಏರಿಯೂ ಇಲ್ಲ, ಗೋಡೆಯೂ ಇಲ್ಲ. ನೆಲ ಹಾಗೇ ಮೆಲ್ಲಗೆ ಏರುತ್ತಾ ಹೊಲಗದ್ದೆಗೆ ಸೇರಿಕೊಳ್ಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡಿನ ದೇವಸ್ಥಾನಗಳು ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದಾಗ ನಾವೆಲ್ಲ ಸಂತೋಷಪಟ್ಟೆವು. ದೇವಸ್ಥಾನದಿಂದ ನಡೆದು ಹೋಗುವಷ್ಟು ಹತ್ತಿರ ಇರುವ ಕೆರೆಯೂ ಹಳೇ ಕಾಲದ ಜನರ ಕೆಲಸ, ಅದೂ ಅಷ್ಟೇ ಗೌರವಕ್ಕೆ ಯೋಗ್ಯ ಅನ್ನುವುದು ನನ್ನ ಅನಿಸಿಕೆ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ರೈತರು ಇದ್ದೀರಿ, ಎಕರೆ ಗುಂಟೆಯಲ್ಲೇ ಹೇಳುತ್ತೇನೆ. ಸಣ್ಣ ದಡದ ಹಕ್ಕಿಗಳು ನಿಂತು ಮೇಯುವುದು ನಾಲ್ಕು ಇಂಚಿಗಿಂತ ಕಡಿಮೆ ನೀರಿನಲ್ಲಿ. ಕೆರೆಯ ಅಂಗಳ ನೂರಡಿಗೆ ಒಂದಡಿ ಇಳಿಜಾರು ಇದೆ ಅಂತಿಟ್ಟುಕೊಳ್ಳಿ. ನೀರಿನ ಗೆರೆಯಿಂದ ನಾಲ್ಕು ಇಂಚು ಆಳಕ್ಕೆ ಹೋಗಬೇಕಾದರೆ 400 ಇಂಚು, ಅಂದರೆ 33 ಅಡಿ ನಡೆಯಬೇಕು. ಅಂಥ ಅಂಚು ಒಂದು ಕಿಲೋಮೀಟರ್ ಉದ್ದ ಇದ್ದರೆ ಯಾವ ದಿನ ನೋಡಿದರೂ ಎರಡೂವರೆ ಎಕರೆ ಮೇವಿನ ಜಾಗ. ನೀರು ಒಂದು ಇಂಚು ಇಳಿದರೆ ಎಂಟಡಿ ಅಗಲದ ಹೊಸ ಕೆಸರು. ಈಗ ಅದೇ ಕೆರೆಯನ್ನು ಅಭಿವೃದ್ಧಿ ಮಾಡುತ್ತೇವೆ ಅಂತ ಸುತ್ತ ಏರಿ ಹಾಕಿ, ಒಂದಡಿ ಎತ್ತರಕ್ಕೆ ಎರಡಡಿ ಇಳಿಜಾರಿನಂತೆ ಕಲ್ಲು ಕಟ್ಟುತ್ತಾರೆ. ನಾಲ್ಕು ಇಂಚು ಆಳದ ಅಂಚಿನ ಅಗಲ ಎಂಟು ಇಂಚಿಗೆ ಬಂತು. ಒಂದು ಕಿಲೋಮೀಟರಿಗೆ ಎರಡು ಗುಂಟೆ. ಅದೂ ಕಲ್ಲಿನ ಮೇಲೆ, ಕೊಕ್ಕು ಇಳಿಯುವುದಿಲ್ಲ. ಎರಡೂವರೆ ಎಕರೆ ಎಲ್ಲಿ, ಎರಡು ಗುಂಟೆ ಎಲ್ಲಿ?

ಇಂಥ ಕೆರೆಯಲ್ಲಿ ನೀರು ಕಾಣುತ್ತದೆ, ವಾಕಿಂಗ್ ಪಾತ್ ಇರುತ್ತದೆ, ಸಂಜೆ ದೀಪ ಹತ್ತುತ್ತದೆ. ಊರಿನವರಿಗೆ ಖುಷಿ. ವಯಸ್ಸಾದವರು ನಡೆಯಲು ಜಾಗವಾಯಿತು, ಒಳ್ಳೆಯದೇ. ಹಕ್ಕಿಯಲ್ಲಿ ಉಳಿಯುವುದು ನೀರುಕಾಗೆ, ಬಾತು ಮತ್ತು ಕಲ್ಲಿನ ಮೇಲೆ ಬಾಲ ಕುಣಿಸುತ್ತಾ ಓಡುವ ಒಂಟಿ ಕಾಮನ್ ಸ್ಯಾಂಡ್‌ಪೈಪರ್. ಅದಕ್ಕೆ ಕಲ್ಲೂ ಆಗುತ್ತದೆ. ಮಿಕ್ಕವು ಬರುವುದಿಲ್ಲ.

ಬೇರೆ ಕೆರೆಗೆ ಹೋಗಲಿ ಬಿಡಿ ಅನ್ನಬಹುದು. ಅವು ಹೋಗುತ್ತಲೂ ಇವೆ. ನಮ್ಮ ಜಿಲ್ಲೆಗಳ ಒಂದು ಭಾಗ್ಯ ಅಂದರೆ ಮಳೆಯ ವ್ಯತ್ಯಾಸ. ಸಕಲೇಶಪುರ, ಮೂಡಿಗೆರೆ ಕಡೆ ಜೋರು ಮುಂಗಾರು. ಅರಸೀಕೆರೆ, ಕಡೂರು ಕಡೆ ಮಳೆ ಕಡಿಮೆ, ಅಲ್ಲಿ ಕೆರೆ ತುಂಬುವುದು ಹಿಂಗಾರು ಕೈಹಿಡಿದರೆ. ಕಾಲುವೆ ನೀರು ಬರುವ ಕೆರೆಗಳದ್ದು ಬೇರೆಯೇ ಲೆಕ್ಕ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದದ್ದು, ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಅದರ ಹಿನ್ನೀರು ಬೇಸಿಗೆಗೆ ಸರಿದಾಗ ಶೆಟ್ಟಿಹಳ್ಳಿಯ ಪಾಳು ಇಗರ್ಜಿಯ ಸುತ್ತ ಬಯಲು ತೆರೆಯುತ್ತದೆ. ಹೀಗೆ ಒಂದು ಕೆರೆ ಒಣಗುವ ಹೊತ್ತಿಗೆ ಇನ್ನೊಂದರಲ್ಲಿ ಕೆಸರು ಶುರುವಾಗುತ್ತದೆ. ಹಕ್ಕಿ ಆರು ತಿಂಗಳು ಬದುಕುವುದು ಈ ಸಾಲಿನ ಮೇಲೆ, ಒಂದು ಕೆರೆಯ ಮೇಲಲ್ಲ. ಆದ್ದರಿಂದ ಯಾವುದೋ ಒಂದು ಕೆರೆಗೆ ಪಕ್ಷಿಧಾಮ ಎಂದು ಬೋರ್ಡ್ ಹಾಕಿ, ಉಳಿದ ಹತ್ತಕ್ಕೆ ಕಲ್ಲು ಕಟ್ಟಿದರೆ ಪ್ರಯೋಜನ ಇಲ್ಲ.

ಕಾನೂನಿನ ಕಡೆಯಿಂದಲೂ ತೊಡಕಿದೆ. ಕೇಂದ್ರ ಸರ್ಕಾರದ 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆ, ಕುಡಿಯುವ ನೀರಿಗೆ ಎಂದು ಮನುಷ್ಯರು ಕಟ್ಟಿದ ಕೆರೆಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ನಮ್ಮ ಕಡೆ ಕೆರೆ ಅಂದರೆ ಹೆಚ್ಚುಕಡಿಮೆ ಎಲ್ಲವೂ ಅಂಥವೇ. ಆದರೆ ಅಘನಾಶಿನಿ ಜೊತೆಗೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಎರಡೂ ನೀರಾವರಿಗೆ ಕಟ್ಟಿದ ಊರ ಕೆರೆಗಳೇ. ಮಾಗಡಿ ಕೆರೆ ಇರುವುದು 54 ಹೆಕ್ಟೇರು ಅಷ್ಟೇ. ಊರಿನವರು ಮನಸ್ಸು ಮಾಡಿದರೆ ನೀರಾವರಿ ಕೆರೆಯೂ ಜಗತ್ತಿನ ಲೆಕ್ಕಕ್ಕೆ ಬರುತ್ತದೆ ಎಂಬುದಕ್ಕೆ ನನಗೆ ಅವೇ ಧೈರ್ಯ.

ಅಂಚು ಹೋದರೆ ಏನಾಗುತ್ತದೆ ಎಂದು ನೋಡಲು ದಕ್ಷಿಣ ಕೊರಿಯಾಕ್ಕೆ ಹೋಗಬೇಕು. ಅಲ್ಲಿನ ಸೆಮಾಂಗಮ್ ಎಂಬಲ್ಲಿ 33 ಕಿಲೋಮೀಟರ್ ಉದ್ದದ ಸಮುದ್ರ ಗೋಡೆ ಕಟ್ಟಿ, 2006ರಲ್ಲಿ ಅಳಿವೆಯನ್ನು ಮುಚ್ಚಿದರು. ಸುಮಾರು 400 ಚದರ ಕಿಲೋಮೀಟರ್ ಪ್ರದೇಶಕ್ಕೆ ಉಬ್ಬರ ಇಳಿತ ತಪ್ಪಿತು. ದಾರಿಮಧ್ಯೆ ಅಲ್ಲಿ ಇಳಿದು ಮೇಯುತ್ತಿದ್ದ ಗ್ರೇಟ್ ನಾಟ್ ಹಕ್ಕಿಗಳ ಸಂಖ್ಯೆ ಕುಸಿಯಿತು. ಅವು ಪಕ್ಕದ ದಡಕ್ಕೆ ಹೋಗಿ ನೆಮ್ಮದಿಯಾಗಿ ಇರಲಿಲ್ಲ. ಜಾಗ ಇಲ್ಲದಿದ್ದರೆ ಹಕ್ಕಿಯೂ ಇಲ್ಲ, ಅಷ್ಟೇ. ಇನ್ನೊಂದು, ತೆಳುಕೊಕ್ಕಿನ ಕರ್ಲ್ಯೂ. ಸೈಬೀರಿಯ ಕಡೆಯಿಂದ ಮೆಡಿಟರೇನಿಯನ್ ತೀರಕ್ಕೆ ಬರುತ್ತಿದ್ದ ಹಕ್ಕಿ. ಅದನ್ನು ಖಚಿತವಾಗಿ ಕೊನೆಯ ಸಲ ಕಂಡದ್ದು 1995ರಲ್ಲಿ, ಮೊರಾಕ್ಕೊದ ಒಂದು ಹಿನ್ನೀರಿನಲ್ಲಿ. 2025ರ ಅಕ್ಟೋಬರ್‌ನಲ್ಲಿ ಅದು ಅಳಿದುಹೋಯಿತು ಎಂದು ಅಧಿಕೃತವಾಗಿ ಘೋಷಿಸಿದರು. ಇದನ್ನು ಹೇಳುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದು ಯಾವುದೋ ದ್ವೀಪದಲ್ಲಿ ಸಿಕ್ಕಿಬಿದ್ದಿದ್ದ ಹಕ್ಕಿಯಲ್ಲ. ಖಂಡ ದಾಟುವ ರೆಕ್ಕೆ ಇದ್ದ ಹಕ್ಕಿ.

ಕೆರೆಯ ಜೊತೆ ಗದ್ದೆಯ ಮಾತೂ ಆಡಬೇಕು. ಮಲೆನಾಡಿನ ಗದ್ದೆಬಯಲು, ಹಡ್ಲುಗಳು ಉಲ್ಲಂಕಿಗೂ ಗ್ರೀನ್ ಸ್ಯಾಂಡ್‌ಪೈಪರ್‌ಗೂ ಕೆರೆಗಿಂತ ಪ್ರಿಯವಾದ ಜಾಗ. ಭತ್ತ ಕೊಯ್ದ ಮೇಲೆ ಮೂಲೆಯಲ್ಲಿ ನಿಲ್ಲುವ ಅಂಗೈ ಅಗಲದ ನೀರು ಸಾಕು, ಗ್ರೀನ್ ಸ್ಯಾಂಡ್‌ಪೈಪರ್ ಒಂದೇ ಇಡೀ ಚಳಿಗಾಲ ಅಲ್ಲಿ ಕಳೆಯುತ್ತದೆ. ಈಗ ಗದ್ದೆ ಶುಂಠಿಯಾಗುತ್ತಿದೆ, ಅಡಿಕೆಯಾಗುತ್ತಿದೆ. ಬಸಿಗಾಲುವೆ ತೋಡಿ ನೀರು ಹೊರಗೆ ಹಾಕಿದರಷ್ಟೇ ಶುಂಠಿ ಉಳಿಯುವುದು. ರೈತನನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಭತ್ತದಲ್ಲಿ ಕೂಲಿಯ ದುಡ್ಡೂ ಹುಟ್ಟದು. ಆದರೆ ಗದ್ದೆ ಹೋದಷ್ಟೂ ಕೆರೆಯಂಗಳದ ಮೇಲೆ ಭಾರ ಹೆಚ್ಚುತ್ತದೆ, ಅದನ್ನು ಮರೆಯಬಾರದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಅರಸೀಕೆರೆ ಕಡೆಯ ಹಿರಿಯ ರೈತರೊಬ್ಬರು ಎದ್ದು ನಿಂತು ಕೇಳಿದರು: "ಹಂಗಾರೆ ಹೂಳು ತೆಗೀಲೇಬೇಡಿ ಅಂತೀರಾ ಸ್ವಾಮಿ? ಕೆರೇಲಿ ನೀರು ನಿಂತ್ರೆ ತಾನೇ ನಮ್ಮ ಬೋರು ಉಳಿಯೋದು?"

ಇಲ್ಲ ಯಜಮಾನ್ರೇ, ಹೂಳು ತೆಗೆಯಲೇಬೇಕು. ಎಲ್ಲಿ ತೆಗೆಯುತ್ತೇವೆ ಅನ್ನುವುದಷ್ಟೇ ಪ್ರಶ್ನೆ. ಏರಿಯ ಕಡೆ, ತೂಬಿನ ಮುಂದೆ ಆಳ ಮಾಡಿ. ನೀರು ನಿಲ್ಲುವುದೂ ಅಲ್ಲೇ. ಮೇಲಂಗಳದ ಕಡೆ ಜೆಸಿಬಿ ಇಳಿಸಿ ಗೋಡೆಯಂತೆ ನೇರ ಕಡಿದ ಗುಂಡಿ ಮಾಡಬೇಡಿ. ಅಂಥ ಗುಂಡಿಗೆ ದನ ಇಳಿಯಲಾಗದು, ಮಳೆಗಾಲದಲ್ಲಿ ಆಳ ಗೊತ್ತಾಗದೆ ಮಕ್ಕಳು ಮುಳುಗುತ್ತಾರೆ. ಹಕ್ಕಿಗೆ ಬೇಕಾದ ಇಳಿಜಾರು ದನಕ್ಕೂ ಬೇಕು, ಮಕ್ಕಳ ಜೀವಕ್ಕೂ ಬೇಕು. ಇನ್ನೊಂದು ಮಾತು, ಅಂಗಳಕ್ಕೆ ತಂತಿಬೇಲಿ ಹಾಕಿ ದನ ತಡೆಯುವುದೂ ಬೇಡ. ದನ ಮೇಯುವುದು ನಿಂತರೆ ಜೊಂಡು, ಬಳ್ಳಾರಿ ಜಾಲಿ ಎದ್ದು ಬಯಲೇ ಮುಚ್ಚಿಹೋಗುತ್ತದೆ. ದಡದ ಹಕ್ಕಿಗೆ ಸುತ್ತ ಬಯಲು ಕಾಣಬೇಕು, ಗಿಡುಗ ಬಂದರೆ ದೂರದಿಂದಲೇ ಗೊತ್ತಾಗಬೇಕು.

ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರ ಪ್ರಶ್ನೆ: "ನಮ್ಮ ತೋಟದಲ್ಲಿ ಎರಡು ಕೆರೆ ಇವೆ, ವರ್ಷಪೂರ್ತಿ ನೀರು. ಮಿಂಚುಳ್ಳಿ ಬರುತ್ತೆ, ಇವು ಯಾಕೆ ಬರಲ್ಲ?"

ತೋಟದ ಕೆರೆ ನಾಲ್ಕೂ ಕಡೆ ಕಡಿದಾಗಿರುತ್ತದೆ ಸಾರ್, ಸುತ್ತ ಮರ ಬೇರೆ. ದೊಡ್ಡ ಗುಂಪು ಅಲ್ಲಿಗೆ ಬರುವುದಿಲ್ಲ. ಆದರೆ ಒಂದು ಮೂಲೆಯಲ್ಲಿ ಹತ್ತು ಹದಿನೈದು ಅಡಿ ಮಣ್ಣು ಇಳಿಜಾರು ಮಾಡಿಸಿ ನೋಡಿ. ಫೆಬ್ರವರಿ ಮಾರ್ಚ್‌ನಲ್ಲಿ ರೋಬಸ್ಟಾಗೆ ಹೂವಿನ ನೀರು ಹೊಡೆಯುವಾಗ ಕೆರೆ ಇಳಿಯುತ್ತದಲ್ಲ, ಆಗ ಆ ಮೂಲೆಯಲ್ಲಿ ಕೆಸರು ತೆರೆಯುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್ ಒಂಟಿಯಾಗಿ ಇರುವ ಹಕ್ಕಿ, ಮರದ ನೆರಳಿಗೆ ಹೆದರುವುದಿಲ್ಲ. ಅದು ಬರುವ ಸಾಧ್ಯತೆ ಚೆನ್ನಾಗಿದೆ.

ಕೊನೆಗೆ ಬಿಎಸ್ಸಿ ಓದುವ ಹುಡುಗಿಯೊಬ್ಬಳು ಕೇಳಿದಳು: "ಎಲ್ಲಾ ಒಂದೇ ಥರ ಕಾಣ್ತವೆ ಸರ್. ಎಲ್ಲಿಂದ ಶುರು ಮಾಡೋದು?"

ಹೆಸರಿನಿಂದ ಶುರು ಮಾಡಬೇಡಮ್ಮ. ಮೊದಲು ನಡೆ ನೋಡು. ಓಡಿ ನಿಂತು ಕುಕ್ಕುತ್ತದೋ, ತಲೆ ಎತ್ತದೆ ಕುಕ್ಕುತ್ತದೋ, ಬಾಲ ಕುಣಿಸುತ್ತದೋ. ಆಮೇಲೆ ನೀರು ಕಾಲಿನ ಎಲ್ಲಿಯ ತನಕ ಇದೆ ಎಂದು ನೋಡು. ಹಾರಿದಾಗ ಸೊಂಟದ ಮೇಲೆ ಬಿಳಿ ಕಂಡರೆ ಅದು ಗ್ರೀನ್ ಅಥವಾ ವುಡ್ ಸ್ಯಾಂಡ್‌ಪೈಪರ್, ರೆಕ್ಕೆಯ ಒಳಭಾಗ ಕಪ್ಪಾಗಿದ್ದರೆ ಗ್ರೀನ್, ಮಾಸಲು ಬಿಳಿಯಾಗಿದ್ದರೆ ವುಡ್. ಬೆಳಿಗ್ಗೆ ಬೆನ್ನಿಗೆ ಬಿಸಿಲು ಬರುವ ಹಾಗೆ, ಅಂಗಳದ ಕಡೆಯಿಂದ ಹೋಗಿ ಒಂದೇ ಕಡೆ ಕೂರು. ಹತ್ತಿರ ಹೋಗಿ ಎಬ್ಬಿಸಬೇಡ. ಒಂದು ಸಲ ಎದ್ದರೆ ಅರ್ಧ ಗಂಟೆ ಮೇವು ಹಾಳು. ನಾಯಿ ಜೊತೆಗೆ ಬಂದರೆ ವಾಪಸ್ ಕಳಿಸು. ಕಂಡದ್ದನ್ನು ತಾರೀಖಿನ ಸಮೇತ ಇ-ಬರ್ಡ್ ಎಂಬ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕು. ಹೋದ ವಾರದ ನೀರಿನ ಗೆರೆಯಿಂದ ಈ ವಾರದ ಗೆರೆಗೆ ಎಷ್ಟು ಹೆಜ್ಜೆ ಎಂಬುದನ್ನೂ ಬರೆದಿಡು. ಹಕ್ಕಿ ಒಂದೂ ಕಾಣದ ದಿನವನ್ನೂ ದಾಖಲಿಸು, ಮುಂದೆ ಕೆಲಸಕ್ಕೆ ಬರುವ ಮಾಹಿತಿ ಅದು. ಮಾರ್ಚ್ ಕೊನೆಗೆ ಹಲವುದರ ಮೈಬಣ್ಣ ಗಾಢವಾಗುತ್ತದೆ, ಏಪ್ರಿಲ್ ಮುಗಿಯುವಷ್ಟರಲ್ಲಿ ಬಹುಪಾಲು ಹೊರಟಿರುತ್ತವೆ. ಪರೀಕ್ಷೆ ಮುಗಿಯಲಿ ಅಂತ ಕಾಯಬೇಡ, ಈ ಭಾನುವಾರವೇ ನಿಮ್ಮೂರಿನ ಕೆರೆಗೆ ಹೋಗು.